ಸಣ್ಣ ಗಣಕಯಂತ್ರಗಳಲ್ಲಿ ಸ್ಮೃತಿಯ ಸಂಕೋಚನ

ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ, 2 ಜಿಬಿಯಷ್ಟೇ ಸ್ಮೃತಿಯುಳ್ಳ ಗಣಕಯಂತ್ರಗಳು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಇನ್ನೂ ಉಳಿದುಕೊಂಡಿವೆ. ಅವುಗಳ ಪ್ರೊಸೆಸರ್ ಕೆಟ್ಟಿಲ್ಲ, ತೆರೆ ಮಸುಕಾಗಿಲ್ಲ. ಆದರೂ ನಾಲ್ಕಾರು ಜಾಲತಾಣಗಳನ್ನು ಒಟ್ಟಿಗೆ ತೆರೆದರೆ ಸಾಕು, ಬಾಣದ ಗುರುತು ನಿಂತಲ್ಲೇ ನಿಂತುಬಿಡುತ್ತದೆ. ಒತ್ತಿದ ಅಕ್ಷರ ತೆರೆಯ ಮೇಲೆ ಮೂಡುವುದಿಲ್ಲ. ಡಿಸ್ಕಿನ ದೀಪ ಮಾತ್ರ ಒಂದೇ ಸಮನೆ ಮಿನುಗುತ್ತಿರುತ್ತದೆ. ಯಂತ್ರಕ್ಕೆ ವಯಸ್ಸಾಯಿತೆಂದು ಹೇಳಿ ಅದನ್ನು ಮೂಲೆಗೆ ಸೇರಿಸುವವರೇ ಹೆಚ್ಚು. ವಾಸ್ತವವಾಗಿ ಆ ಹೊತ್ತಿನಲ್ಲಿ ಯಂತ್ರವು ಸುಮ್ಮನೆ ಕುಳಿತಿರುವುದಿಲ್ಲ. ಅದು ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಆದರೆ ಆ ದುಡಿಮೆಯಿಂದ ನಮಗಾಗಲಿ ಅದಕ್ಕಾಗಲಿ ಪ್ರಯೋಜನವಿಲ್ಲ. ಅದು ಮಾಡುತ್ತಿರುವ ಕೆಲಸವೇನು, ಆ ಸಂಕಟವನ್ನು ತಪ್ಪಿಸಲು ಲಿನಕ್ಸ್ ವ್ಯವಸ್ಥೆಯಲ್ಲಿ ಕಂಡುಕೊಂಡಿರುವ ಉಪಾಯವೇನು, ಆ ಉಪಾಯ ಎಲ್ಲಿಯವರೆಗೆ ಸಾಗುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಗಣಕವು ಯಾವ ಕ್ರಮವಿಧಿಯನ್ನು ನಡೆಸಬೇಕಾದರೂ ಆ ಕ್ರಮವಿಧಿಯೂ ಅದಕ್ಕೆ ಬೇಕಾದ ದತ್ತಾಂಶವೂ ಮೊದಲು ಸ್ಮೃತಿಗೆ, ಅಂದರೆ ನಾವು ರ‍್ಯಾಮ್ ಎಂದು ಕರೆಯುವ ಭಾಗಕ್ಕೆ, ಬಂದಿರಬೇಕು. ಡಿಸ್ಕಿನಲ್ಲಿರುವುದನ್ನು ಪ್ರೊಸೆಸರ್ ನೇರವಾಗಿ ಮುಟ್ಟಲಾರದು. ಸ್ಮೃತಿಯನ್ನು ಹಂಚುವ ಅನುಕೂಲಕ್ಕಾಗಿ ಲಿನಕ್ಸಿನ ತಿರುಳು, ಎಂದರೆ ಕರ್ನೆಲ್, ಅದನ್ನು ಸಮನಾದ ತುಂಡುಗಳಾಗಿ ವಿಭಾಗಿಸಿಕೊಳ್ಳುತ್ತದೆ. ಈ ತುಂಡಿಗೆ ಪುಟವೆಂದು ಹೆಸರು. ನಮ್ಮ ಮೇಜಿನ ಮೇಲಿರುವ ಸಾಮಾನ್ಯ ಯಂತ್ರಗಳಲ್ಲಿ ಒಂದು ಪುಟಕ್ಕೆ 4096 ಬೈಟುಗಳು. 2 ಜಿಬಿ ಸ್ಮೃತಿಯಲ್ಲಿ ಇಂತಹ 5,24,288 ಪುಟಗಳು ಹಿಡಿಸುತ್ತವೆ. ಸಂಖ್ಯೆ ದೊಡ್ಡದಾಗಿಯೇ ತೋರುತ್ತದೆ. ಆದರೆ ಇಂದಿನ ಜಾಲವೀಕ್ಷಕವೊಂದು ನಾಲ್ಕು ತಾಣಗಳನ್ನು ತೆರೆದರೆ ಇವುಗಳಲ್ಲಿ ಬಹುಪಾಲನ್ನು ತಾನೊಂದೇ ಕೇಳಬಲ್ಲದು.

ಕೇಳಿದಷ್ಟು ಪುಟಗಳು ಇಲ್ಲದಿದ್ದರೆ ಏನು ಮಾಡಬೇಕು? ಈ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್‌ಬರ್ನ್ ಮತ್ತು ಅವರ ಸಂಗಡಿಗರು ಕಟ್ಟಿದ ಅಟ್ಲಾಸ್ ಎಂಬ ಗಣಕವು 1962ರ ಡಿಸೆಂಬರಿನಲ್ಲಿ ಕೆಲಸಕ್ಕೆ ತೊಡಗಿತು. ಅದರ ಮುಖ್ಯ ಸ್ಮೃತಿಯಲ್ಲಿ ಇದ್ದುದು 48 ಬಿಟ್ಟುಗಳ 16,384 ಪದಗಳು. ಇಂದಿನ ಲೆಕ್ಕದಲ್ಲಿ ಒಂದು ಲಕ್ಷ ಬೈಟಿಗೂ ಕಡಿಮೆ. ಇಷ್ಟರಲ್ಲಿ ದೊಡ್ಡ ಲೆಕ್ಕಗಳನ್ನು ನಡೆಸುವುದು ಸಾಧ್ಯವಿರಲಿಲ್ಲವಾದ್ದರಿಂದ, ಅವರು ಸ್ಮೃತಿಯನ್ನು 512 ಪದಗಳ ಪುಟಗಳಾಗಿ ಒಡೆದು, ಸದ್ಯಕ್ಕೆ ಬೇಡದ ಪುಟಗಳನ್ನು ತಿರುಗುವ ಕಾಂತೀಯ ಉರುಳೆಯ ಮೇಲೆ ಇಟ್ಟು, ಬೇಕಾದಾಗ ತಾನಾಗಿಯೇ ಹಿಂದಕ್ಕೆ ಬರುವಂತೆ ಏರ್ಪಾಡು ಮಾಡಿದರು. ಕ್ರಮವಿಧಿಯನ್ನು ಬರೆಯುವವನಿಗೆ ಈ ಒಳವ್ಯವಹಾರದ ಗೊಡವೆಯೇ ಇಲ್ಲ; ಅವನ ಪಾಲಿಗೆ ಎಲ್ಲವೂ ಒಂದೇ ದೊಡ್ಡ ಸ್ಮೃತಿ. ಇಂದಿನ ಸ್ವಾಪ್, ಅಂದರೆ ಪುಟಗಳ ವಿನಿಮಯ, ಈ ಏರ್ಪಾಟಿನ ವಂಶಕ್ಕೆ ಸೇರಿದ್ದು. ಲಿನಕ್ಸಿಗೆ ಅದು ಬಂದ ಬಗೆಯೂ ಸ್ವಾರಸ್ಯವಾಗಿದೆ. ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ತಮ್ಮ ಕರ್ನೆಲನ್ನು ಹೊರಗೆಡಹಿದ 1991ರಲ್ಲಿಯೇ, ಜರ್ಮನಿಯ ಒಬ್ಬ ಬಳಕೆದಾರ ತನ್ನ ಯಂತ್ರದಲ್ಲಿ 2 ಎಂಬಿ ಸ್ಮೃತಿಯಷ್ಟೇ ಇರುವುದಾಗಿಯೂ ಅದರಲ್ಲಿ ಕರ್ನೆಲನ್ನು ಸಂಕಲಿಸಲು ಆಗುತ್ತಿಲ್ಲವೆಂದೂ ತಿಳಿಸಿದ. ಆ ವರ್ಷದ ಕ್ರಿಸ್‌ಮಸ್ ರಜೆಯಲ್ಲಿ ಟೋರ್ವಾಲ್ಡ್ಸ್ ಪುಟಗಳನ್ನು ಡಿಸ್ಕಿಗೆ ಸಾಗಿಸುವ ವ್ಯವಸ್ಥೆಯನ್ನು ಬರೆದರು. 1992ರ ಜನವರಿಯ 0.12ನೆಯ ಆವೃತ್ತಿಯಲ್ಲಿ ಅದು ಸೇರಿತು. ಬಡ ಯಂತ್ರದ ಕಷ್ಟ ಲಿನಕ್ಸಿನ ಹುಟ್ಟಿನೊಡನೆಯೇ ಬಂದದ್ದೆಂದು ಹೇಳಲಡ್ಡಿಯಿಲ್ಲ.

ಈ ಏರ್ಪಾಟಿನ ದೌರ್ಬಲ್ಯವೆಲ್ಲ ಕಾಲಕ್ಕೆ ಸಂಬಂಧಿಸಿದ್ದು. ಸ್ಮೃತಿಯಿಂದ ಒಂದು ಪದವನ್ನು ಓದಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ಡಿಸ್ಕಿನ ತಲೆಯು ಸರಿದು, ಬೇಕಾದ ಭಾಗ ಅದರ ಕೆಳಗೆ ಬರಲು ಸುಮಾರು 10 ಮಿಲಿಸೆಕೆಂಡು ಹಿಡಿಯುತ್ತದೆ. ಇವೆರಡೂ ನಮ್ಮ ಅನುಭವಕ್ಕೆ ನಿಲುಕದಷ್ಟು ಸಣ್ಣ ಕಾಲಗಳಾದುದರಿಂದ ಒಂದು ಕೋಟಿಯಿಂದ ಗುಣಿಸಿ ನೋಡೋಣ. ಆಗ ಸ್ಮೃತಿಯ ಕೆಲಸಕ್ಕೆ ಒಂದು ಸೆಕೆಂಡು. ಡಿಸ್ಕಿನ ಕೆಲಸಕ್ಕೆ 1,00,000 ಸೆಕೆಂಡು, ಎಂದರೆ ಸುಮಾರು 28 ಗಂಟೆ! ಮೇಜಿನ ಮೇಲಿನ ಪುಸ್ತಕವನ್ನು ತೆಗೆದುಕೊಳ್ಳುವುದಕ್ಕೂ ಅದನ್ನು ತರಲು ಪರವೂರಿಗೆ ಹೋಗಿ ಮರುದಿನ ಹಿಂದಿರುಗುವುದಕ್ಕೂ ಇರುವಷ್ಟು ಅಂತರ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಸಂಗ್ರಾಹಕದಲ್ಲಿ ಇದು 100 ಮೈಕ್ರೊಸೆಕೆಂಡಿನ ಸುಮಾರಿಗೆ ಇಳಿಯುತ್ತದೆ. ನಮ್ಮ ಅಳತೆಯಲ್ಲಿ ಹದಿನೇಳು ನಿಮಿಷ. ಅಪರೂಪಕ್ಕೊಮ್ಮೆ ಹದಿನೇಳು ನಿಮಿಷ ಕಾಯಬಹುದು, 28 ಗಂಟೆಯನ್ನೂ ಕಾಯಬಹುದು. ಪ್ರತಿ ಹೆಜ್ಜೆಗೂ ಕಾಯಬೇಕಾಗಿ ಬಂದರೆ ಕೆಲಸ ನಿಂತಂತೆಯೇ ಸರಿ. ಒಂದು ಪುಟವನ್ನು ತರಲು ಮತ್ತೊಂದನ್ನು ಹೊರಗೆ ಹಾಕಬೇಕು. ಹೊರಗೆ ಹಾಕಿದ್ದೇ ಮರುಕ್ಷಣಕ್ಕೆ ಬೇಕಾಗುತ್ತದೆ. ಅದನ್ನು ತರಲು ಈಗ ತಾನೇ ತಂದದ್ದನ್ನು ಹೊರಗೆ ಹಾಕಬೇಕು. ಅಮೆರಿಕದ ಪೀಟರ್ ಡೆನ್ನಿಂಗ್ 1968ರಲ್ಲಿ ಈ ಸ್ಥಿತಿಯ ಕಾರಣಗಳನ್ನು ವಿವರಿಸಿದರು. ಇಂಗ್ಲಿಷಿನಲ್ಲಿ ಇದಕ್ಕೆ ಥ್ರ್ಯಾಶಿಂಗ್ ಎಂದು ಹೆಸರು, ನಾವು ಒದ್ದಾಟವೆನ್ನೋಣ. ಒಂದು ಕ್ರಮವಿಧಿ ಒಂದು ಅವಧಿಯಲ್ಲಿ ಪದೇ ಪದೇ ಮುಟ್ಟುವ ಪುಟಗಳ ಗುಂಪನ್ನು ಡೆನ್ನಿಂಗ್ ಅದರ ‘ದುಡಿಯುವ ಗಣ’ವೆಂಬ ಅರ್ಥ ಬರುವಂತೆ ಹೆಸರಿಸಿದರು. ದುಡಿಯುವ ಗಣಗಳೆಲ್ಲ ಸ್ಮೃತಿಯಲ್ಲಿ ಹಿಡಿಸಿದರೆ ಯಂತ್ರ ಸುಗಮವಾಗಿ ನಡೆಯುತ್ತದೆ, ಹಿಡಿಸದಿದ್ದರೆ ಒದ್ದಾಟ. ಆರಂಭದಲ್ಲಿ ಹೇಳಿದ ಮಿನುಗುವ ದೀಪದ ಅರ್ಥ ಇದೇ.

ಈಗ ಉಪಾಯಕ್ಕೆ ಬರೋಣ. ಒಂದೇ ಕೋಣೆಯ ಮನೆಯನ್ನು ನೆನೆಸಿಕೊಳ್ಳಿ. ರಾತ್ರಿ ಹಾಸಿದ ಹಾಸಿಗೆಗಳನ್ನು ಬೆಳಗಾದೊಡನೆ ಯಾರೂ ಊರಾಚೆಯ ಉಗ್ರಾಣಕ್ಕೆ ಹೊತ್ತು ಹಾಕುವುದಿಲ್ಲ. ಸುತ್ತಿ ಅದೇ ಕೋಣೆಯ ಮೂಲೆಯಲ್ಲಿ ಪೇರಿಸುತ್ತಾರೆ. ಸುತ್ತಲು ಕೊಂಚ ಶ್ರಮ, ಬಿಡಿಸಲು ಕೊಂಚ ಶ್ರಮ. ಆದರೆ ಹಗಲೆಲ್ಲ ಓಡಾಡಲು ಜಾಗ ದೊರೆಯುತ್ತದೆ. ಲಿನಕ್ಸಿನಲ್ಲಿ ಝಡ್‌ರ್‍ಯಾಮ್ ಎಂಬ ಭಾಗವು ಮಾಡುವ ಕೆಲಸ ಇದೇ. ಅದು ಕರ್ನೆಲಿನ ಮುಂದೆ ಒಂದು ಡಿಸ್ಕಿನಂತೆ ವೇಷ ಹಾಕಿಕೊಂಡು ನಿಲ್ಲುತ್ತದೆ. ಕರ್ನೆಲು ತನಗೆ ಸದ್ಯ ಬೇಡದ ಪುಟವನ್ನು ಎಂದಿನಂತೆ ಆ ‘ಡಿಸ್ಕಿ’ಗೆ ಬರೆಯುತ್ತದೆ. ಝಡ್‌ರ್‍ಯಾಮ್ ಆ 4096 ಬೈಟುಗಳನ್ನು ಸಂಕೋಚಿಸಿ, ಸಾವಿರವೋ ಸಾವಿರದೈನೂರೋ ಬೈಟುಗಳಿಗೆ ಇಳಿಸಿ, ಸ್ಮೃತಿಯಲ್ಲಿಯೇ ಒತ್ತೊತ್ತಾಗಿ ಜೋಡಿಸುತ್ತದೆ. ಪುಟ ಮತ್ತೆ ಬೇಕಾದಾಗ ಬಿಡಿಸಿ ಹಿಂದಕ್ಕೆ ಕೊಡುತ್ತದೆ. ಬಿಡಿಸುವುದಕ್ಕೆ ಹಿಡಿಯುವ ಕಾಲ ಸಾಧಾರಣ ಪ್ರೊಸೆಸರಿನಲ್ಲಿ ಕೆಲವೇ ಮೈಕ್ರೊಸೆಕೆಂಡು. ಐದೆಂದು ಹಿಡಿದರೂ ನಮ್ಮ ಅಳತೆಯಲ್ಲಿ 50 ಸೆಕೆಂಡು. 28 ಗಂಟೆಯ ಎದುರಿಗೆ ಒಂದು ನಿಮಿಷವೂ ಇಲ್ಲ! ಪ್ರೊಸೆಸರಿನ ಶ್ರಮವನ್ನು ತೆತ್ತು ಸ್ಥಳವನ್ನು ಕೊಳ್ಳುವ ಈ ವ್ಯಾಪಾರ ಲಾಭದಾಯಕವಾಗಿರುವುದು ಈ ಅಗಾಧವಾದ ಅಂತರದಿಂದಲೇ. ಅಗ್ಗದ ಯಂತ್ರಗಳಲ್ಲಿ ಡಿಸ್ಕಿನ ಬದಲು ಇರುವ ಮೆಮೊರಿ ಕಾರ್ಡುಗಳು ಬರೆದಷ್ಟೂ ಸವೆಯುವಂಥವು. ಅವುಗಳ ಆಯುಷ್ಯವೂ ಇದರಿಂದ ಉಳಿಯುತ್ತದೆ.

ಪುಟವೊಂದು ಕುಗ್ಗುವುದು ಹೇಗೆ? ಕೀರ್ತನೆಗಳ ಪುಸ್ತಕವನ್ನು ತೆರೆದು ನೋಡಿ. ಪಲ್ಲವಿಯನ್ನು ಮೊದಲು ಒಮ್ಮೆ ಪೂರ್ತಿಯಾಗಿ ಅಚ್ಚು ಹಾಕಿ, ಪ್ರತಿ ಚರಣದ ಕೊನೆಯಲ್ಲಿ ಅದರ ಬದಲು ‘ಪ’ ಎಂಬ ಒಂದೇ ಅಕ್ಷರವನ್ನು ಹಾಕಿರುತ್ತಾರೆ. ಹಾಡುವವನು ಹಿಂದಕ್ಕೆ ನೋಡಿ ಪೂರ್ತಿ ಹಾಡುತ್ತಾನೆ. ಇಸ್ರೇಲಿನ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ 1977ರಲ್ಲಿ ಪ್ರಕಟಿಸಿದ ವಿಧಾನದ ತತ್ವವೂ ಇಷ್ಟೇ: ಒಮ್ಮೆ ಬಂದ ಬೈಟುಗಳ ಸಾಲು ಮತ್ತೆ ಬಂದರೆ, ಅದನ್ನು ಪುನಃ ಬರೆಯದೆ, ‘ಇಷ್ಟು ದೂರ ಹಿಂದೆ ಹೋಗಿ ಇಷ್ಟು ಬೈಟುಗಳನ್ನು ಎತ್ತಿಕೊ’ ಎಂಬ ಚಿಕ್ಕ ಸೂಚನೆಯನ್ನು ಬರೆಯುವುದು. ಝಡ್‌ರ್‍ಯಾಮಿನಲ್ಲಿ ಬಳಸುವ ಎಲ್‌ಝಡ್‌ಒ, ಎಲ್‌ಝಡ್4 ಮುಂತಾದ ವಿಧಾನಗಳು ಈ ಮನೆತನದವೇ. ಹೆಸರಿನಲ್ಲಿರುವ ‘ಎಲ್‌ಝಡ್’ ಅವರಿಬ್ಬರ ಹೆಸರುಗಳಿಂದ ಬಂದದ್ದು. ಇವುಗಳಲ್ಲಿ ಹೆಚ್ಚು ಕುಗ್ಗಿಸುವುದಕ್ಕಿಂತ ಬೇಗ ಕುಗ್ಗಿಸುವುದಕ್ಕೆ ಮಹತ್ವ.

ಸ್ಮೃತಿಯ ಪುಟಗಳಲ್ಲಿ ಪುನರುಕ್ತಿ ಧಾರಾಳವಾಗಿರುತ್ತದೆ. ಬರೀ ಸೊನ್ನೆಗಳಿಂದ ತುಂಬಿದ ಪುಟಗಳೇ ಎಷ್ಟೋ ಇರುತ್ತವೆ. ಇವನ್ನು ಝಡ್‌ರ್‍ಯಾಮ್ ಸಂಕೋಚಿಸುವ ಗೋಜಿಗೇ ಹೋಗದೆ, ಅದು ಸೊನ್ನೆಯ ಪುಟವೆಂಬ ಗುರುತನ್ನಷ್ಟೇ ಇಟ್ಟುಕೊಳ್ಳುತ್ತದೆ. ನಮ್ಮ ಭಾಷೆಯ ಬರಹದಲ್ಲಿಯೇ ಇನ್ನೊಂದು ಒಳ್ಳೆಯ ನಿದರ್ಶನವಿದೆ. ಯುಟಿಎಫ್-8 ಎಂಬ ಸಂಕೇತಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಗೂ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಮಾತಿನಲ್ಲಿ ಕ, ನ, ಹಲಂತದ ಗುರುತು, ಮತ್ತೆ ನ, ಡ ಎಂದು ಐದು ಚಿಹ್ನೆಗಳು. ಒಟ್ಟು ಹದಿನೈದು ಬೈಟುಗಳು. ಅವುಗಳ ಬೆಲೆಗಳು ಹೀಗಿವೆ: 224, 178, 149, 224, 178, 168, 224, 179, 141, 224, 178, 168, 224, 178, 161. ಗಮನಿಸಿರಿ: ಪ್ರತಿ ಮೂರರಲ್ಲಿ ಮೊದಲನೆಯದು ತಪ್ಪದೆ 224, ಎರಡನೆಯದು 178, ಇಲ್ಲವೆ 179. ಕನ್ನಡದ ಎಲ್ಲ ಚಿಹ್ನೆಗಳಿಗೂ ಇದು ಅನ್ವಯಿಸುತ್ತದೆ. ಎಂದರೆ ಹೊಸ ಸಂಗತಿಯನ್ನು ಹೇಳುವುದು ಬಹುಮಟ್ಟಿಗೆ ಮೂರನೆಯ ಬೈಟೊಂದೇ. ಕನ್ನಡದ ಬರಹ ಸ್ಮೃತಿಯಲ್ಲಿ ಹೆಚ್ಚು ಸ್ಥಳ ತಿನ್ನುತ್ತದೆಂಬ ದೂರು ನಿಜ. ಆದರೆ ಅಷ್ಟೇ ಸುಲಭವಾಗಿ ಅದು ಕುಗ್ಗುತ್ತದೆ.

ಎಲ್ಲವೂ ಹೀಗೆ ಕುಗ್ಗುವುದಿಲ್ಲ. ಹಾಸಿಗೆಯನ್ನು ಸುತ್ತಬಹುದು, ಬೀಸುವ ಕಲ್ಲನ್ನು ಸುತ್ತಲಾದೀತೆ? ಛಾಯಾಚಿತ್ರ, ಚಲಚ್ಚಿತ್ರ, ಸಂಗೀತದ ಕಡತಗಳು ಮೊದಲೇ ಸಂಕೋಚನಗೊಂಡವು. ಗೂಢಲಿಪೀಕರಿಸಿದ ದತ್ತಾಂಶದಲ್ಲಿ ಪುನರುಕ್ತಿ ಕಾಣಬರುವುದಿಲ್ಲ. ಇಂಥವನ್ನು ಝಡ್‌ರ್‍ಯಾಮ್ ಇದ್ದಂತೆಯೇ ಇಟ್ಟುಕೊಳ್ಳುತ್ತದೆ, ಲಾಭವೇನೂ ಇಲ್ಲ. ಮುಂದೆಂದಾದರೂ ಯಾವನಾದರೂ ಜಾಣ ಎಲ್ಲವನ್ನೂ ಕುಗ್ಗಿಸುವ ವಿಧಾನವನ್ನು ಕಂಡುಹಿಡಿಯಬಹುದಲ್ಲವೆ? ಆಗದು. ಇದಕ್ಕೆ ಸರಳವಾದ ಗಣಿತದ ಪ್ರಮಾಣವಿದೆ. ಹತ್ತು ಬಿಟ್ಟುಗಳ ಸಂದೇಶಗಳು ಒಟ್ಟು 1024. ಹತ್ತಕ್ಕಿಂತ ಕಡಿಮೆ ಬಿಟ್ಟುಗಳ ಸಂದೇಶಗಳನ್ನೆಲ್ಲ, ಬರಿದಾದ ಸಂದೇಶವನ್ನೂ ಸೇರಿಸಿ, ಎಣಿಸಿದರೆ 1023. ಆದುದರಿಂದ 1024ನ್ನೂ ಬೇರೆ ಬೇರೆ ಚಿಕ್ಕ ಸಂದೇಶಗಳಾಗಿ ಇಳಿಸುವುದು ಅಸಾಧ್ಯ. ಎರಡು ಒಂದೇ ಆಗಿಬಿಟ್ಟರೆ ಹಿಂದಕ್ಕೆ ಬಿಡಿಸುವ ಬಗೆಯಿಲ್ಲ. ಎಷ್ಟೇ ಉದ್ದದ ಸಂದೇಶವಾದರೂ ವಾದ ಇದೇ.

ಇನ್ನು ಲಾಭದ ಲೆಕ್ಕ. 2048 ಎಂಬಿ ಸ್ಮೃತಿಯಲ್ಲಿ 500 ಎಂಬಿಯಷ್ಟನ್ನು ಸುತ್ತಿಟ್ಟ ಪುಟಗಳು ಆಕ್ರಮಿಸಿವೆಯೆಂದೂ ಸಂಕೋಚನ ಮೂರಕ್ಕೊಂದೆಂದೂ ಇಟ್ಟುಕೊಳ್ಳೋಣ. ಆ ಮೂಲೆಯಲ್ಲಿ ಅಡಗಿರುವುದು 1500 ಎಂಬಿ. ಉಳಿದ ಬಯಲು 1548 ಎಂಬಿ. ಒಟ್ಟು 3048 ಎಂಬಿ. ಸಾವಿರ ಎಂಬಿ ಪುಕ್ಕಟೆಯಾಗಿ ದೊರೆತಂತಾಯಿತು. ಸಂಕೋಚನ ಎರಡಕ್ಕೊಂದಾದರೆ ಲಾಭ 500 ಎಂಬಿ ಮಾತ್ರ. ಹಾಗಾದರೆ 1500 ಎಂಬಿಯನ್ನು ಮೂಲೆಗೆ ಬಿಟ್ಟುಕೊಟ್ಟರೆ ಹೇಗೆ? ಮೂರಕ್ಕೊಂದರ ಲೆಕ್ಕದಲ್ಲಿ ಒಟ್ಟು 5048 ಎಂಬಿ ಆಗುತ್ತದೆ. ಕಾಗದದ ಮೇಲೆ ಬಲು ಸೊಗಸು. ಆದರೆ ಓಡಾಡಲು ಉಳಿಯುವ ಬಯಲು 548 ಎಂಬಿ. ದುಡಿಯುವ ಗಣ ಅದರಲ್ಲಿ ಹಿಡಿಸದೆ, ಯಂತ್ರವು ಹಾಸಿಗೆ ಸುತ್ತುವುದರಲ್ಲಿಯೂ ಬಿಡಿಸುವುದರಲ್ಲಿಯೂ ದಿನ ಕಳೆಯುತ್ತದೆ. ಡಿಸ್ಕಿನ ಒದ್ದಾಟದ ಬದಲು ಪ್ರೊಸೆಸರಿನ ಒದ್ದಾಟ, ಅಷ್ಟೆ. ಕರ್ನೆಲಿನ ಕೈಪಿಡಿಯೂ ಎರಡಕ್ಕೊಂದರ ಸಂಕೋಚನವನ್ನು ನಿರೀಕ್ಷಿಸಿ, ಸ್ಮೃತಿಯ ಎರಡರಷ್ಟಕ್ಕಿಂತ ದೊಡ್ಡ ಝಡ್‌ರ್‍ಯಾಮ್ ಮಾಡಿಕೊಳ್ಳುವುದರಲ್ಲಿ ಹುರುಳಿಲ್ಲವೆನ್ನುತ್ತದೆ.

ಈ ವಿಷಯದಲ್ಲಿ ಸುಳ್ಳು ಭರವಸೆಗಳೂ ಮಾರಾಟವಾಗಿವೆ. 1995ರಲ್ಲಿ ಅಮೆರಿಕದ ಸಿಂಕ್ರೊನಿಸ್ ಎಂಬ ಸಂಸ್ಥೆ ವಿಂಡೋಸ್ ಗಣಕಗಳಿಗಾಗಿ ಸಾಫ್ಟ್‌ರ್‍ಯಾಮ್ 95 ಎಂಬ ಕ್ರಮವಿಧಿಯನ್ನು ಹೊರತಂದಿತು. ಸಂಕೋಚನದಿಂದ ಸ್ಮೃತಿಯನ್ನು ಎರಡರಷ್ಟು ಮಾಡುವುದಾಗಿ ಅದರ ಪ್ರಚಾರ. ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ತಜ್ಞರು ಬಿಚ್ಚಿ ನೋಡಿದಾಗ ಅದು ಸ್ಮೃತಿಯನ್ನು ಸಂಕೋಚಿಸುತ್ತಲೇ ಇರಲಿಲ್ಲ! 1996ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆ ಸಂಸ್ಥೆಯ ಮೇಲೆ ಕ್ರಮ ಕೈಗೊಂಡಿತು. ಈ ಹಗರಣದಿಂದ ಕೆಟ್ಟ ಹೆಸರು ಬಂದರೂ ತತ್ವದಲ್ಲಿ ದೋಷವಿರಲಿಲ್ಲ. ಫ್ರೆಡ್ ಡಗ್ಲಿಸ್ 1993ರಲ್ಲಿಯೇ ನಿಜವಾದ ಪ್ರಯೋಗ ಮಾಡಿ, ಕೆಲವು ಕೆಲಸಗಳು ಚುರುಕಾಗುವುದನ್ನೂ ಕೆಲವು ನಿಧಾನವಾಗುವುದನ್ನೂ ತೋರಿಸಿದ್ದರು. 1999ರಲ್ಲಿ ಪಾಲ್ ವಿಲ್ಸನ್ ಮತ್ತು ಸಂಗಡಿಗರು, ಡಿಸ್ಕಿಗಿಂತ ಪ್ರೊಸೆಸರಿನ ವೇಗ ಬಹುಪಾಲು ಹೆಚ್ಚುತ್ತಿರುವುದರಿಂದ ಸಂಕೋಚನಕ್ಕೆ ಕಾಲ ಕೂಡಿಬಂದಿದೆಯೆಂದು ವಾದಿಸಿದರು. ಅವರ ಮಾತು ದಿಟವಾಯಿತು. ನಿತಿನ್ ಗುಪ್ತಾ ಅವರು ಕಾಂಪ್‌ಕ್ಯಾಶ್ ಎಂಬ ಹೆಸರಿನಲ್ಲಿ ಆರಂಭಿಸಿದ ಕೆಲಸವೇ ಝಡ್‌ರ್‍ಯಾಮ್ ಆಗಿ ಬೆಳೆದು, 2014ರ ಕರ್ನೆಲ್ 3.14ರಲ್ಲಿ ಪರೀಕ್ಷಾವಿಭಾಗದಿಂದ ಹೊರಬಂದು ಪೂರ್ಣ ಸ್ಥಾನ ಪಡೆಯಿತು. 2013ರಲ್ಲಿ ಬಂದ ಆಂಡ್ರಾಯ್ಡ್ 4.4, ಕೇವಲ 512 ಎಂಬಿಯ ದೂರವಾಣಿಗಳಲ್ಲಿಯೂ ನಡೆಯಲೆಂದು ಇದಕ್ಕೆ ಆಸರೆ ಕೊಟ್ಟಿತು. 2020ರ ಅಕ್ಟೋಬರಿನಲ್ಲಿ ಹೊರಬಂದ ಫೆಡೋರಾ 33 ಇದನ್ನು ಯಾರೂ ಕೇಳದೆಯೇ ಚಾಲನೆಯಲ್ಲಿಟ್ಟಿತು.

ಝಡ್‌ರ್‍ಯಾಮಿಗೆ ಝಡ್‌ಸ್ವಾಪ್ ಎಂಬ ಒಬ್ಬ ದಾಯಾದಿಯುಂಟು; 2013ರ ಕರ್ನೆಲ್ 3.11ರಲ್ಲಿ ಸೇರಿದ್ದು. ಝಡ್‌ರ್‍ಯಾಮಿಗೆ ನಿಜವಾದ ಡಿಸ್ಕು ಬೇಕಿಲ್ಲ. ಝಡ್‌ಸ್ವಾಪಾದರೋ ಡಿಸ್ಕಿನ ಸ್ವಾಪಿನ ಬಾಗಿಲಲ್ಲಿ ನಿಂತು, ಹೊರಟ ಪುಟಗಳನ್ನು ತಡೆದು ಸ್ಮೃತಿಯಲ್ಲಿಯೇ ಸುತ್ತಿಡುತ್ತದೆ. ತನ್ನ ಪಾಲಿನ ಜಾಗ ತುಂಬಿದಾಗ ಬಹುಕಾಲದಿಂದ ಯಾರೂ ಕೇಳದ ಪುಟಗಳನ್ನು ಡಿಸ್ಕಿಗೆ ಕಳುಹಿಸುತ್ತದೆ. ಝಡ್‌ರ್‍ಯಾಮನ್ನೂ ಡಿಸ್ಕಿನ ಸ್ವಾಪನ್ನೂ ಒಟ್ಟಿಗೆ ಇಟ್ಟುಕೊಂಡವರಿಗೆ ಈ ವಿವೇಚನೆ ದೊರೆಯದು. ಅಲ್ಲಿ ಮೊದಲು ಬಂದ, ಅಂದರೆ ಅತ್ಯಂತ ನಿರುಪಯುಕ್ತವಾದ ಪುಟಗಳು ಝಡ್‌ರ್‍ಯಾಮಿನ ವೇಗದ ಜಾಗವನ್ನು ಹಿಡಿದು ಕೂತುಬಿಡುತ್ತವೆ. ಅನಂತರ ಬಂದ, ಮತ್ತೆ ಬೇಗ ಬೇಕಾಗುವ ಪುಟಗಳು ಡಿಸ್ಕಿನ ಪಾಲಾಗುತ್ತವೆ. ಡಿಸ್ಕಿನ ಸ್ವಾಪ್ ಹೇಗೂ ಬೇಕೆನ್ನುವವರಿಗೆ ಝಡ್‌ಸ್ವಾಪೇ ಮೇಲೆಂಬುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಸ್ವಾಪಿನಿಂದ ಯಂತ್ರ ನಿಧಾನವಾಗುವುದಾದರೆ ಸ್ವಾಪನ್ನೇ ತೆಗೆದುಹಾಕೋಣವೆಂದು ಹಲವರು ವಾದಿಸುತ್ತಾರೆ. ಪುಟಗಳಲ್ಲಿ ಎರಡು ಜಾತಿ. ಡಿಸ್ಕಿನ ಕಡತದಿಂದ ಬಂದವು ಒಂದು. ಕ್ರಮವಿಧಿಗಳ ಆದೇಶಗಳು ಈ ಜಾತಿಗೆ ಸೇರಿದವು. ಇವುಗಳ ಮೂಲಪ್ರತಿ ಡಿಸ್ಕಿನಲ್ಲಿ ಇರುವುದರಿಂದ ಯಾವಾಗ ಬೇಕಾದರೂ ಎಸೆದು ಮತ್ತೆ ಓದಿಕೊಳ್ಳಬಹುದು. ಕ್ರಮವಿಧಿ ನಡೆಯುವಾಗ ತಾನೇ ಸೃಷ್ಟಿಸಿಕೊಂಡ ದತ್ತಾಂಶದ ಪುಟಗಳು ಇನ್ನೊಂದು ಜಾತಿ. ಇವಕ್ಕೆ ಬೇರೆಲ್ಲೂ ಪ್ರತಿಯಿಲ್ಲ. ಸ್ವಾಪ್ ಇಲ್ಲದಿದ್ದರೆ ಎರಡನೆಯ ಜಾತಿಯವನ್ನು, ಗಂಟೆಗಟ್ಟಲೆ ಯಾರೂ ಮುಟ್ಟದಿದ್ದರೂ, ಕದಲಿಸುವಂತಿಲ್ಲ. ಆಗ ಕರ್ನೆಲು ಮೊದಲ ಜಾತಿಯವನ್ನೇ ಎಸೆಯಬೇಕಾಗುತ್ತದೆ. ಅಂದರೆ ಆ ಕ್ಷಣದಲ್ಲಿ ನಡೆಯುತ್ತಿರುವ ಕ್ರಮವಿಧಿಯ ಆದೇಶಗಳನ್ನೇ ಎಸೆದು ಮರುಕ್ಷಣ ಡಿಸ್ಕಿನಿಂದ ಓದುತ್ತದೆ. ಸ್ವಾಪ್ ಇಲ್ಲದ ಯಂತ್ರವೂ ಡಿಸ್ಕಿನ ದೀಪ ಮಿನುಗಿಸುತ್ತ ಒದ್ದಾಡುವುದು ಈ ಕಾರಣದಿಂದ. ಈ ಎರಡು ಜಾತಿಗಳಲ್ಲಿ ಯಾವುದರ ಮೇಲೆ ಮೊದಲು ಕೈಹಾಕಬೇಕೆಂಬುದನ್ನು ಸ್ವಾಪಿನೆಸ್ ಎಂಬ ಅಂಕಿಯೊಂದು ನಿರ್ಧರಿಸುತ್ತದೆ. ಅದರ ರೂಢಿಯ ಬೆಲೆ 60. 2020ರ ಕರ್ನೆಲ್ 5.8ರಿಂದ ಅದನ್ನು 200ರವರೆಗೆ ಏರಿಸಬಹುದು. ಝಡ್‌ರ್‍ಯಾಮ್ ಇದ್ದಾಗ ಸ್ವಾಪಿನ ಕೆಲಸ ಕಡತ ಓದುವುದಕ್ಕಿಂತ ಅಗ್ಗವಾದುದರಿಂದ 100ಕ್ಕೆ ಮೀರಿದ ಬೆಲೆ ಸಮಂಜಸ.

ಎಲ್ಲ ಉಪಾಯಗಳೂ ಮುಗಿದಮೇಲೆ? ಲಿನಕ್ಸು ತನ್ನಲ್ಲಿರುವುದಕ್ಕಿಂತ ಹೆಚ್ಚು ಸ್ಮೃತಿಯನ್ನು ವಾಗ್ದಾನ ಮಾಡುವ ಸ್ವಭಾವದ್ದು. ಕೇಳಿದವರೆಲ್ಲ ಪೂರ್ತಿ ಬಳಸಲಾರರೆಂಬ ನಂಬಿಕೆಯಿಂದ ಹೀಗೆ ಮಾಡುತ್ತದೆ. ಆ ನಂಬಿಕೆ ಹುಸಿಯಾದ ದಿನ ಒಬ್ಬರನ್ನು ಬಲಿ ಕೊಡದೆ ಗತ್ಯಂತರವಿಲ್ಲ. ಕರ್ನೆಲು ಪ್ರತಿಯೊಂದು ಕ್ರಮವಿಧಿಯೂ ಆಕ್ರಮಿಸಿರುವ ಸ್ಮೃತಿಯನ್ನು ಲೆಕ್ಕ ಹಾಕಿ, ಅತ್ಯಧಿಕವಾಗಿರುವುದನ್ನು ಆರಿಸಿ ಕೊನೆಗಾಣಿಸುತ್ತದೆ. ಮುನ್ನೆಚ್ಚರಿಕೆಯಿಲ್ಲ. ವಿದ್ಯಾರ್ಥಿಯೊಬ್ಬ ಎರಡು ಗಂಟೆಯಿಂದ ಬರೆದು ಇನ್ನೂ ಉಳಿಸದಿದ್ದ ಪ್ರಬಂಧ ಆ ಕ್ರಮವಿಧಿಯಲ್ಲಿದ್ದರೆ ಅದೂ ಹೋಯಿತು. ಇದಕ್ಕಿಂತ ಕೆಟ್ಟ ಸಂಗತಿಯೆಂದರೆ ಕರ್ನೆಲು ಈ ನಿರ್ಧಾರಕ್ಕೆ ಬರುವುದು ತೀರ ತಡವಾಗಿ. ಒದ್ದಾಟದಲ್ಲಿಯೂ ಒಂದೊಂದು ಪುಟ ಬಿಡುಗಡೆಯಾಗುತ್ತಲೇ ಇರುವುದರಿಂದ, ಕೆಲಸ ಸಾಗುತ್ತಿದೆಯೆಂದೇ ಅದು ಭಾವಿಸುತ್ತದೆ. ಅಷ್ಟರಲ್ಲಿ ನಾವು ವಿದ್ಯುತ್ತಿನ ಗುಂಡಿಯನ್ನು ಒತ್ತಿಬಿಟ್ಟಿರುತ್ತೇವೆ. ಉಳಿದ ಪುಟಗಳನ್ನು ಎಣಿಸುವುದಕ್ಕಿಂತ, ಸ್ಮೃತಿಗಾಗಿ ಕಾಯುತ್ತ ಕ್ರಮವಿಧಿಗಳು ಕಳೆದ ಕಾಲವನ್ನು ಅಳೆಯುವುದು ಸರಿಯಾದ ಮಾರ್ಗವೆಂದು ಕಂಡುಕೊಂಡು, 2018ರ ಡಿಸೆಂಬರಿನ ಕರ್ನೆಲ್ 4.20ರಲ್ಲಿ ಅಂತಹ ಮಾಪಕವನ್ನು ಅಳವಡಿಸಿದರು. ಅದು ಕಳೆದ 10, 60 ಮತ್ತು 300 ಸೆಕೆಂಡುಗಳಲ್ಲಿ ಶೇಕಡ ಎಷ್ಟು ಕಾಲ ವ್ಯರ್ಥವಾಯಿತೆಂಬುದನ್ನು ತೋರಿಸುತ್ತದೆ. ಸಿಸ್ಟಂಡಿ-ಊಮ್‌ಡಿ ಎಂಬ ಕಾವಲುಗಾರ ಈ ಮಾಪಕವನ್ನು ನೋಡುತ್ತಿದ್ದು ಯಂತ್ರ ಸ್ತಬ್ಧವಾಗುವ ಮೊದಲೇ ಕೈಹಾಕುತ್ತಾನೆ. ಸಣ್ಣ ಯಂತ್ರಗಳಿಗೆ ಒಪ್ಪುವ ಅರ್ಲಿಊಮ್ ಎಂಬುದು ಹೆಚ್ಚು ಸರಳ. ಉಳಿದ ಸ್ಮೃತಿಯೂ ಸ್ವಾಪೂ ಒಂದು ಮಿತಿಗಿಂತ ಕೆಳಗಿಳಿದೊಡನೆ ಅತಿ ದೊಡ್ಡದನ್ನು ನಿಲ್ಲಿಸುತ್ತದೆ.

ತಮ್ಮ ಯಂತ್ರವನ್ನು ಪರೀಕ್ಷಿಸಬಯಸುವವರು ‘ಫ್ರೀ’ ಎಂಬ ಆಜ್ಞೆಯನ್ನು ಕೊಟ್ಟು ನೋಡಬಹುದು. ಅದರಲ್ಲಿ ‘ಫ್ರೀ’ ಎಂಬ ಅಂಕಣದ ಅಂಕಿ ಚಿಕ್ಕದಿದ್ದರೆ ಗಾಬರಿಯಾಗಬೇಕಾದ್ದಿಲ್ಲ. ಬಿಡುವಾಗಿರುವ ಸ್ಮೃತಿಯಲ್ಲಿ ಕಡತಗಳ ಪ್ರತಿಗಳನ್ನು ಇಟ್ಟುಕೊಳ್ಳುವುದು ಲಿನಕ್ಸಿನ ರೂಢಿ, ಅವನ್ನು ಬೇಕೆಂದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ‘ಅವೈಲಬಲ್’ ಎಂಬ ಅಂಕಣವನ್ನು. ಝಡ್‌ರ್‍ಯಾಮನ್ನು ನಂಬಿಕೊಂಡವರು ಇನ್ನೊಂದನ್ನು ತಿಳಿದಿರಬೇಕು. ಗಣಕದ ಸ್ಥಿತಿಯನ್ನೆಲ್ಲ ಡಿಸ್ಕಿಗೆ ಬರೆದು ವಿದ್ಯುತ್ತನ್ನು ಪೂರ್ತಿ ಕಡಿದು, ಮರುದಿನ ಅಲ್ಲಿಂದಲೇ ಮುಂದುವರಿಯುವ ಸುಪ್ತಾವಸ್ಥೆಯ ಸೌಕರ್ಯ ಝಡ್‌ರ್‍ಯಾಮೊಂದರಿಂದಲೇ ದೊರೆಯದು. ಅದರಲ್ಲಿ ಸುತ್ತಿಟ್ಟದ್ದೆಲ್ಲ ಸ್ಮೃತಿಯಲ್ಲಿಯೇ ಇರುವುದರಿಂದ ವಿದ್ಯುತ್ತಿನೊಡನೆಯೇ ಮಾಯವಾಗುತ್ತದೆ. ಆ ಸೌಕರ್ಯ ಬೇಕಾದವರು ಡಿಸ್ಕಿನಲ್ಲಿ ಪ್ರತ್ಯೇಕವಾದ ಸ್ವಾಪ್ ಭಾಗವೊಂದನ್ನು ಉಳಿಸಿಕೊಳ್ಳಲೇಬೇಕು.